ನೆನೆಸಿಟ್ಟರೆ ಅರ್ಧ ಅಡುಗೆ ಆದಂತೆ

ರಾತ್ರಿ ಊಟ ಮುಗಿದು, ಒಲೆಕಟ್ಟೆ ಒರೆಸಿ, ದೀಪ ಆರಿಸುವ ಮುಂಚೆ ನಮ್ಮಜ್ಜಿ ಅಮ್ಮನನ್ನು ಕೇಳುತ್ತಿದ್ದ ಕೊನೆಯ ಮಾತು ಒಂದೇ: "ನಾಳೆಗೆ ಏನು ನೆನೆಹಾಕಿದ್ಯೇ?" ತೀರ್ಥಹಳ್ಳಿ ಕಡೆಯ ಆ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಪ್ರತಿ ರಾತ್ರಿ ಮೂರು ನಾಲ್ಕು ಪಾತ್ರೆ ಸಾಲಾಗಿ ಕೂತಿರುತ್ತಿದ್ದವು. ಒಂದರಲ್ಲಿ ನೀರುದೋಸೆಗೆ ಅಕ್ಕಿ, ಒಂದರಲ್ಲಿ ಕಡಲೆಕಾಳು, ಇನ್ನೊಂದರಲ್ಲಿ ಹೆಸರುಕಾಳು, ಪುಟ್ಟ ಬಟ್ಟಲಲ್ಲಿ ನಿಂಬೆಗಾತ್ರದ ಹುಣಸೆಹಣ್ಣು. ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಮತ್ತೊಂದು ಸಾಲು. ತಳ ಹಿಡಿದ ಪಾಯಸದ ಪಾತ್ರೆ, ಹಾಲು ಕಾಯಿಸಿದ ಚೆಂಬು, ಗಂಜಿಯ ತಪ್ಪಲೆ, ಎಲ್ಲದರಲ್ಲೂ ಕಂಠಮಟ್ಟ ನೀರು. ಬೆಳಿಗ್ಗೆ ಏಳುವ ಹೊತ್ತಿಗೆ ಒಳಗಿನ ಸಾಲು ಬೇಯಲು ತಯಾರು, ಹೊರಗಿನ ಸಾಲು ತೊಳೆಯಲು ತಯಾರು.

ಮನೆ ಬಿಟ್ಟು ಬೆಂಗಳೂರಿಗೆ ಬಂದು ನನ್ನದೇ ಅಡುಗೆಮನೆ ನಡೆಸಲು ಶುರುಮಾಡಿದ ಮೇಲೆ ಆ ಎರಡು ಸಾಲುಗಳ ಬೆಲೆ ಗೊತ್ತಾಯಿತು. ಅಡುಗೆಯನ್ನು ಹಗುರ ಮಾಡುವ ಉಪಾಯಗಳನ್ನು ವರ್ಷಗಟ್ಟಲೆ ಪತ್ರಿಕೆಗಳಿಂದ ಕತ್ತರಿಸಿಟ್ಟಿದ್ದೇನೆ, ಅಕ್ಕಪಕ್ಕದವರಿಂದ ಕೇಳಿ ಬರೆದುಕೊಂಡಿದ್ದೇನೆ, ಒಂದೊಂದನ್ನೂ ಮಾಡಿ ನೋಡಿದ್ದೇನೆ. ಎಷ್ಟೋ ಉಪಾಯಗಳು ಬಿದ್ದುಹೋದವು. ಉಳಿದುಕೊಂಡವುಗಳಲ್ಲಿ ಹೆಚ್ಚಿನವು ಅಜ್ಜಿಯ ಆ ಒಂದು ಪ್ರಶ್ನೆಯೊಳಗೇ ಇದ್ದವು. ಅಡುಗೆಯಲ್ಲೂ ಪಾತ್ರೆ ತೊಳೆಯುವುದರಲ್ಲೂ ನಮ್ಮ ತೋಳು ಮಾಡುವ ಅರ್ಧ ಕೆಲಸವನ್ನು ನೀರು ಮತ್ತು ಹೊತ್ತು ಸೇರಿ ಮಾಡಬಲ್ಲವು. ನಾವು ಅವಕ್ಕೆ ಅವಕಾಶ ಕೊಡಬೇಕು. ಕನ್ನಡದಲ್ಲಿ ನೆನೆಸುವುದೆಂದರೆ ನೀರಿಗೆ ಹಾಕುವುದೂ ಹೌದು, ನೆನಪು ಮಾಡಿಕೊಳ್ಳುವುದೂ ಹೌದು. ನಾಳೆಯ ಸಾರನ್ನು ಇವತ್ತು ರಾತ್ರಿಯೇ ನೆನೆಯದಿದ್ದರೆ ಕಾಳು ನೆನೆಯುವುದಿಲ್ಲ.

ಇಂಥ ಮನೆವಾರ್ತೆಯ ತಿಳಿವಳಿಕೆಯನ್ನು ಬರೆದಿಡುವ ರೂಢಿ ಕನ್ನಡಕ್ಕೆ ಹೊಸದಲ್ಲ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರಲ್ಲಿ, ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಭೂಮಿಯೊಳಗಿನ ನೀರಿನ ಸೆಲೆ ಹುಡುಕುವುದು, ಗಿಡಮರಗಳ ಆರೈಕೆ ಮುಂತಾದವುಗಳ ಜೊತೆಗೆ ಅಡುಗೆಯ ಭಾಗವೂ ಇದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಅಡುಗೆಗೆಂದೇ 'ಸೂಪಶಾಸ್ತ್ರ' ಬರೆದ. ಲೋಕಕ್ಕೆ ಉಪಕಾರವಾಗಲಿ ಎಂದು ಹೆಸರಿಟ್ಟ ಪುಸ್ತಕದಲ್ಲಿ ಚಾವುಂಡರಾಯ ಅಡುಗೆಗೂ ಜಾಗ ಕೊಟ್ಟನಲ್ಲ, ಆ ಗೌರವ ನನಗೆ ಬಹಳ ಇಷ್ಟ.

ಬೇಳೆ ಬೇಯದ ದಿನ

ಹೊಸದಾಗಿ ಸಂಸಾರ ಹೂಡಿದವರ ಮೊದಲ ದೂರು ಸಾಮಾನ್ಯವಾಗಿ ಬೇಳೆಯದು. "ಐದು ವಿಷಲ್ ಆದರೂ ಬೇಳೆ ಕಾಳುಕಾಳಾಗೇ ಇದೆ." ಬೇಳೆ ಹಳೆಯದಾಗಿದ್ದರೆ ಹಾಗಾಗುತ್ತದೆ. ಬಿಸಿಲು, ಸೆಕೆಯಲ್ಲಿ ತಿಂಗಳುಗಟ್ಟಲೆ ಕೂತ ಕಾಳು ಗಡುಸಾಗಿಬಿಡುತ್ತದೆ. ನೀರೂ ಕಾರಣ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಜೊತೆ ಸೇರಿ ಅದನ್ನು ಇನ್ನಷ್ಟು ಬಿಗಿ ಮಾಡುತ್ತವೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಗುಲ್ಬರ್ಗ ತೊಗರಿಬೇಳೆಯನ್ನೇ ತಂದರೂ ನೀರು ಗಡಸಾಗಿದ್ದರೆ ಅದರ ಗುಣ ಪೂರ್ತಿ ಕಾಣುವುದಿಲ್ಲ. ಇಂಥ ಕಡೆ ಬೇಳೆ ಬೇಯಿಸುವಷ್ಟಕ್ಕಾದರೂ ಕುಡಿಯುವ ಸಿಹಿನೀರು ಬಳಸಿ. ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯುವ ಕಾಳು ಬೆಂಗಳೂರಿನಲ್ಲಿ, ಮಡಿಕೇರಿಯಲ್ಲಿ ತಡ ಮಾಡುತ್ತದೆ. ಕುದಿಯುವ ನೀರಿನ ಬಿಸಿ ಅಲ್ಲಿಗೇ ನಿಂತುಬಿಡುತ್ತದೆ ಎಂಬುದನ್ನೂ ಮರೆಯಬಾರದು. ಉರಿ ಎಷ್ಟೇ ದೊಡ್ಡದು ಮಾಡಿದರೂ ನೀರು ಆವಿಯಾಗಿ ಹೋಗುವುದು ಹೆಚ್ಚುತ್ತದೆಯೇ ಹೊರತು ಬೇಳೆ ಬೇಗ ಬೇಯುವುದಿಲ್ಲ. ಕುದಿ ಬಂದ ಕೂಡಲೇ ಉರಿ ತಗ್ಗಿಸಿ ಮುಚ್ಚಳ ಮುಚ್ಚಿದರೆ 14.2 ಕಿಲೋ ಸಿಲಿಂಡರು ಇನ್ನೂ ಕೆಲವು ದಿನ ಬರುತ್ತದೆ.

ಈ ಮಿತಿಯನ್ನು ದಾಟಿಸಿದ್ದು ಕುಕ್ಕರ್. 1679ರಲ್ಲಿ ಫ್ರಾನ್ಸಿನ ಡೆನಿಸ್ ಪಾಪಿನ್ ಲಂಡನ್ನಿನಲ್ಲಿ ತೋರಿಸಿದ ಹಬೆಪಾತ್ರೆಯೇ ಅದರ ಮೂಲ. ಆವಿಯನ್ನು ಒಳಗೇ ಬಿಗಿಹಿಡಿದಾಗ ಒತ್ತಡ ಏರಿ ನೀರು 120 ಡಿಗ್ರಿ ಹತ್ತಿರ ಹೋಗುತ್ತದೆ. ಆದರೆ ನಾವು ಕುಕ್ಕರನ್ನು ನಡೆಸುವ ರೀತಿಯಲ್ಲಿ ಒಂದು ತಪ್ಪಿದೆ. ವಿಷಲ್ ಎಣಿಸುತ್ತೇವೆ. ದೊಡ್ಡ ಉರಿಯಲ್ಲಿ ನಾಲ್ಕು ವಿಷಲ್ ಮೂರು ನಿಮಿಷದಲ್ಲಿ ಆಗಿಬಿಡಬಹುದು, ಚಿಕ್ಕ ಉರಿಯಲ್ಲಿ ಹದಿನೈದು ನಿಮಿಷ ಹಿಡಿಯಬಹುದು. ಬೇಯಿಸುವುದು ಹೊತ್ತು, ಸದ್ದಿನ ಎಣಿಕೆಯಿಂದ ಏನೂ ಬೇಯುವುದಿಲ್ಲ. ಮೊದಲ ವಿಷಲ್ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಗಡಿಯಾರ ನೋಡಿ. ಅರ್ಧ ಗಂಟೆ ನೆನೆದ ತೊಗರಿಬೇಳೆಗೆ ಹತ್ತು ನಿಮಿಷ ಧಾರಾಳ ಸಾಕು. ಆಮೇಲೆ ಒಲೆ ಆರಿಸಿ, ಆವಿ ತಾನಾಗಿ ಇಳಿಯಲು ಬಿಡಿ. ಆ ಇಳಿಯುವ ಹೊತ್ತಿನಲ್ಲೂ ಬೇಳೆ ಬೇಯುತ್ತಲೇ ಇರುತ್ತದೆ, ಗ್ಯಾಸಿನ ಖರ್ಚಿಲ್ಲದೆ.

ಕುಕ್ಕರಿನಿಂದ ಅರಿಶಿನದ ನೀರು ಉಕ್ಕಿ ಒಲೆ, ಗೋಡೆ, ಪಕ್ಕದ ಡಬ್ಬಿಗಳ ಮೇಲೆಲ್ಲಾ ಚಿಮ್ಮುವುದು ಇನ್ನೊಂದು ತಾಪತ್ರಯ. ಬೇಳೆ ಕುದಿಯುವಾಗ ನೊರೆ ಬರುತ್ತದೆ. ಹಾಗಾಗಿ ಬೇಳೆ, ಕಾಳು ಬೇಯಿಸುವಾಗ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಬೇಳೆಯನ್ನು ಮೂರು ನೀರಿನಲ್ಲಿ ತೊಳೆದು, ಒಂದು ಚಮಚ ಎಣ್ಣೆ ಬಿಟ್ಟು, ಒಳಗೆ ಡಬ್ಬಿಯಲ್ಲಿಟ್ಟರೆ ಉಕ್ಕುವುದು ಬಹುಪಾಲು ನಿಲ್ಲುತ್ತದೆ. ತಳದ ನೀರಿಗೆ ಹಿಂಡಿದ ನಿಂಬೆಹೋಳನ್ನೋ ಸ್ವಲ್ಪ ಹುಣಸೆಹಣ್ಣನ್ನೋ ಹಾಕಿದರೆ ಅಲ್ಯೂಮಿನಿಯಂ ಕುಕ್ಕರಿನ ಒಳಮೈ ಕಪ್ಪಾಗುವುದಿಲ್ಲ. ಹಿಂಡಿದ ನಿಂಬೆಹೋಳನ್ನು ಎಸೆಯುವ ಮುಂಚೆ ಅದಕ್ಕೆ ಇನ್ನೊಂದು ಕೆಲಸ ಸಿಕ್ಕಿತು.

ಕಾಳುಗಳ ವಿಷಯಕ್ಕೆ ಬಂದರೆ ನೆನೆಸುವುದಕ್ಕೆ ಬದಲಿಯೇ ಇಲ್ಲ. ಕಡಲೆ, ಅಲಸಂದೆ, ಹುರುಳಿ, ಒಣ ಅವರೆ, ಎಲ್ಲಕ್ಕೂ ರಾತ್ರಿಯ ಎಂಟು ಗಂಟೆಯ ನೀರು ಬೇಕು. ರಾಜ್ಮಾಕ್ಕೆ ಇನ್ನೂ ಎಚ್ಚರ ಬೇಕು. ಅದರಲ್ಲಿ ಸ್ವಾಭಾವಿಕವಾಗಿಯೇ ಹೊಟ್ಟೆ ಕೆಡಿಸುವ ವಿಷಾಂಶವಿದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ ಬೇಯಿಸಬೇಕು, ಅರೆಬೆಂದಿದ್ದನ್ನು ತಿನ್ನಬಾರದು. ಚಳಿಗಾಲದಲ್ಲಿ ಹಿತಕಿದ ಬೇಳೆ ಮಾಡುವವರಿಗಂತೂ ನೆನೆಸುವ ಗುಟ್ಟು ಗೊತ್ತೇ ಇರುತ್ತದೆ. ಬೆಂಗಳೂರಿನ ವಿ.ವಿ. ಪುರಂ ಅವರೆಬೇಳೆ ಮೇಳಕ್ಕೆ ಹೆಸರಾಯಿತು. ಮೇಳದಲ್ಲಿ ಕೊಂಡು ತಿನ್ನುವ ಸುಖ ಬೇರೆ, ಮನೆಯಲ್ಲಿ ಹಿತುಕಿ ಮಾಡುವ ಸುಖ ಬೇರೆ. ಸೊನೆ ಅವರೆಯ ಕಾಳು ಬಿಡಿಸಿ, ರಾತ್ರಿ ನೀರಿಗೆ ಹಾಕಿಟ್ಟು, ಬೆಳಿಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಕಾಳಿಟ್ಟು ಒತ್ತಿದರೆ ಬೇಳೆ ಜಾರಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಒಬ್ಬರೇ ಕೂತರೆ ಒಂದು ಗಂಟೆಯ ಕೆಲಸ. ಮನೆಮಂದಿ ಸುತ್ತ ಕೂತರೆ ಕಾಲು ಗಂಟೆಯ ಹರಟೆ.

ಬೇಗ ಬೇಯಲಿ ಎಂದು ಕಾಳಿಗೆ ಸೋಡಾ ಹಾಕುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಕಾಳು ಮೆತ್ತಗಾಗುವುದು ನಿಜ. ಜೊತೆಗೆ ಅದರಲ್ಲಿರುವ ಥಯಾಮಿನ್ ಎಂಬ ಬಿ ಜೀವಸತ್ವ ಹಾಳಾಗುತ್ತದೆ, ರುಚಿಯೂ ಸೋಪಿನಂತಾಗುತ್ತದೆ. ರಾತ್ರಿ ನೀರಿಗೆ ಹಾಕಲು ಮರೆತ ದಿನ ಕುದಿಯುವ ನೀರಿನಲ್ಲಿ ಒಂದು ಗಂಟೆ ಮುಚ್ಚಿಡಿ, ಅದೇ ಮೇಲು.

ಹುಳಿ ಯಾವಾಗ ಹಾಕಬೇಕು ಎಂಬುದೂ ಇದೇ ಲೆಕ್ಕಕ್ಕೆ ಸೇರಿದ್ದು. ಹುಣಸೆಹುಳಿ, ಟೊಮೆಟೊ ಬಿದ್ದ ನೀರಿನಲ್ಲಿ ತರಕಾರಿಯ ಪೆಕ್ಟಿನ್ ಕರಗಲು ಒಲ್ಲೆನ್ನುತ್ತದೆ. ತರಕಾರಿ, ಬೇಳೆ ಬೆಂದ ಮೇಲೇ ಹುಳಿ ಹಿಂಡಬೇಕು ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಇದನ್ನೇ ತಿರುಗಿಸಿಯೂ ಬಳಸಬಹುದು. ಬೆಂಡೆಕಾಯಿ ಹುಳಿಯಲ್ಲಿ ಹೋಳು ಕರಗಿ ಗೊಜ್ಜಾಗಬಾರದು ಅಂದರೆ ಹುಳಿ ಬೇಗ ಹಾಕಿ. ಲೋಳೆಯೂ ಕಡಿಮೆಯಾಗುತ್ತದೆ, ಹೋಳೂ ಹೋಳಾಗಿಯೇ ಉಳಿಯುತ್ತದೆ.

ತುರಿಸುವ, ಅಂಟುವ, ಉರಿಸುವ ತರಕಾರಿಗಳು

ಮಲೆನಾಡು, ಕರಾವಳಿಯ ಅಡುಗೆ ಅರ್ಧ ಸೋಲುವುದು ಹೆಚ್ಚುವ ಹಂತದಲ್ಲೇ. ಹಲಸಿನಕಾಯಿ ಸೀಳಿದರೆ ಮೇಣ, ಸುವರ್ಣಗಡ್ಡೆ ಹೆರೆದರೆ ತುರಿಕೆ, ಬಾಳೆದಿಂಡು ಹೆಚ್ಚಿದರೆ ಕಪ್ಪು. ಪೇಟೆಯ ಎಷ್ಟೋ ಮನೆಗಳಲ್ಲಿ ಈ ತರಕಾರಿಗಳನ್ನು ತರುವುದೇ ಬಿಟ್ಟಿದ್ದಾರೆ. ತಿನ್ನಲು ಇಷ್ಟ, ಹೆಚ್ಚಲು ಭಯ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ, ಏಕೆಂದರೆ ಆ ಭಯಕ್ಕೆಲ್ಲ ಪರಿಹಾರ ಒಂದು ಬಟ್ಟಲು ಎಣ್ಣೆಯಲ್ಲೋ ಒಂದು ಬಟ್ಟಲು ಮಜ್ಜಿಗೆಯಲ್ಲೋ ಇದೆ.

ಹಲಸಿನ ಮೇಣ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಕಾಯಿ ಮುಟ್ಟುವ ಮೊದಲೇ ಅಂಗೈಗೆ, ಕತ್ತಿಗೆ, ಕೂರುವ ಮಣೆಗೂ ತೆಂಗಿನೆಣ್ಣೆ ಸವರಿ. ಕಾಯಿ ಸೀಳಿದ ಕೂಡಲೇ ಒಸರುವ ಬಿಳಿ ಮೇಣವನ್ನು ಒಂದು ಕಡ್ಡಿಗೆ ಸುತ್ತಿ ತೆಗೆಯಿರಿ, ಇಲ್ಲವೇ ಹಳೆಯ ಕಾಗದದಲ್ಲಿ ಒತ್ತಿ. ಕೆಳಗೆ ಹಾಸಿದ ಕಾಗದವನ್ನು ಕೊನೆಗೆ ಹಾಗೇ ಮಡಿಸಿ ಎಸೆದರೆ ನೆಲ ತಿಕ್ಕುವ ಕೆಲಸವಿಲ್ಲ. ಇಷ್ಟಾದರೂ ಕೈಗೆ ಅಂಟಿದ್ದಕ್ಕೆ ಮತ್ತೆ ಎಣ್ಣೆಯನ್ನೇ ತಿಕ್ಕಿ, ಕಡಲೆಹಿಟ್ಟಿನಿಂದ ಉಜ್ಜಿ ತೊಳೆಯಿರಿ. ಮೊದಲೇ ಸೋಪು ಹಾಕಿದರೆ ಮೇಣ ಇನ್ನೂ ಹರಡುತ್ತದೆ.

ಸುವರ್ಣಗಡ್ಡೆ, ಕೆಸುವಿನ ತುರಿಕೆಗೆ ಕಾರಣ ಅವುಗಳೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು. ಕಣ್ಣಿಗೆ ಕಾಣದಷ್ಟು ಸಣ್ಣ, ಆದರೆ ಚರ್ಮಕ್ಕೂ ಗಂಟಲಿಗೂ ಚುಚ್ಚುವಷ್ಟು ಚೂಪು. ಒದ್ದೆ ಕೈಯಲ್ಲಿ ಹೆಚ್ಚಿದರೆ ತುರಿಕೆ ಜಾಸ್ತಿ. ಗಡ್ಡೆಯನ್ನು ತೊಳೆದು ಒರೆಸಿ ಒಣಗಿಸಿ, ಕೈಗೆ ಎಣ್ಣೆ ಹಚ್ಚಿಕೊಂಡು ಹೆಚ್ಚಿ, ಆಮೇಲೆ ಹೋಳುಗಳನ್ನು ಹುಣಸೆನೀರಿನಲ್ಲಿ ಇಟ್ಟು ಬೇಯಿಸಿ. ಆಟಿ ತಿಂಗಳಲ್ಲಿ ಕೆಸುವಿನೆಲೆಯ ಪತ್ರೊಡೆಯ ಹಿಟ್ಟಿಗೆ ಅಷ್ಟು ಹುಣಸೆ ಬೀಳುವುದು ಬರಿಯ ರುಚಿಗಲ್ಲ ಎಂದು ಅಡುಗೆ ಬಲ್ಲವರಿಗೆಲ್ಲ ಗೊತ್ತು. ಹುಳಿ ಬೇಕು, ಚೆನ್ನಾಗಿ ಬೇಯಲೂ ಬೇಕು. ಎರಡರಲ್ಲಿ ಒಂದು ಕಡಿಮೆಯಾದರೂ ಗಂಟಲು ಹೇಳುತ್ತದೆ.

ಬಾಳೆದಿಂಡಿನ ಬಿಲ್ಲೆ ಕತ್ತರಿಸುವಾಗ ಪ್ರತಿ ಬಿಲ್ಲೆಗೂ ನೂಲಿನಂಥ ನಾರು ಎದ್ದು ಬರುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗಬೇಕು. ಕೊನೆಗೆ ಬೆರಳಿಗೊಂದು ಬಿಳಿ ಉಂಗುರ. ಹೋಳುಗಳು ಕತ್ತಿಯಿಂದ ನೇರ ಮಜ್ಜಿಗೆ ನೀರಿಗೆ ಬೀಳಬೇಕು. ಗಾಳಿ ತಾಗಿ ಕಪ್ಪಾಗುವುದನ್ನು ಮಜ್ಜಿಗೆಯ ಹುಳಿ ತಡೆಯುತ್ತದೆ. ಬಾಳೆಹೂವಿಗೂ ಇದೇ ಕ್ರಮ. ಬದನೆಗೆ ಉಪ್ಪುನೀರು ಸಾಕು.

ಮೆಣಸಿನಕಾಯಿಯ ಉರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಜೀರಿಗೆ ಮೆಣಸು ಬಿಡಿಸಿದ ಕೈಯನ್ನು ಹತ್ತು ಸಲ ನೀರಲ್ಲಿ ತೊಳೆದು, ಆಮೇಲೆ ಮಗುವಿನ ಮುಖ ಮುಟ್ಟಿ, ಆ ಮಗು ಅತ್ತ ರಾತ್ರಿಯೊಂದು ನನ್ನ ನೆನಪಿನಲ್ಲಿದೆ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ಮೊದಲು ಕೈಗೆ ಎಣ್ಣೆ ತಿಕ್ಕಿ, ಅದನ್ನು ಒರೆಸಿ, ಆಮೇಲೆ ಸೋಪು ಹಾಕಿ. ಬಾಯಿ ಉರಿಗೆ ಒಂದು ತುತ್ತು ಮೊಸರನ್ನ ಮಾಡುವ ಉಪಕಾರವನ್ನು ಒಂದು ಚೊಂಬು ನೀರು ಮಾಡುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ದಯವಿಟ್ಟು ನೆನಪಿಡಿ.

ಈರುಳ್ಳಿಯ ಕಣ್ಣೀರಿಗೆ ಹರಿತವಾದ ಚಾಕು ಮತ್ತು ಅರ್ಧ ಗಂಟೆ ಫ್ರಿಜ್ಜು, ಬೇರೇನೂ ಬೇಡ. ಬೆಳ್ಳುಳ್ಳಿ ಎಸಳನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ತಾನೇ ಸಡಿಲವಾಗುತ್ತದೆ. ಶುಂಠಿಯನ್ನು ಚಾಕುವಿನಲ್ಲಿ ಹೆರೆಯಬೇಡಿ, ಚಮಚದ ಅಂಚಿನಲ್ಲಿ ಕೆರೆಯಿರಿ.

ಮಿಕ್ಸಿಗೂ ಒಂದು ಸರದಿ

ಒಂದು ಬೆಳಗಿನ ಅಡುಗೆಯಲ್ಲಿ ಮಿಕ್ಸಿ ಜಾರನ್ನು ನಾಲ್ಕು ಸಲ ತೊಳೆಯುವ ಮನೆಗಳನ್ನು ನೋಡಿದ್ದೇನೆ. ರುಬ್ಬುವ ಸರದಿ ಗೊತ್ತಿದ್ದರೆ ಒಂದೇ ಸಲ ಸಾಕು. ಮೊದಲು ಒಣಪುಡಿ: ಹುರಿದ ಜೀರಿಗೆ-ಕಾಳುಮೆಣಸೋ, ಕಡಲೆಪುಡಿಯೋ. ಅದನ್ನು ತೆಗೆದ ಜಾರಿನಲ್ಲೇ ಬೆಳಗಿನ ಕಾಯಿಚಟ್ನಿ. ಆಮೇಲೆ ಹುಳಿಗೆ ಕಾಯಿಮಸಾಲೆ. ಈರುಳ್ಳಿ, ಬೆಳ್ಳುಳ್ಳಿ ಬೀಳುವಂಥದ್ದು ಕೊನೆಗೆ. ಪ್ರತಿ ಸಲವೂ ಜಾರಿಗೆ ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ, ಆ ನೀರನ್ನು ಅದೇ ಚಟ್ನಿಗೋ ಹುಳಿಗೋ ಸುರಿದರೆ ಮಸಾಲೆಯೂ ಹಾಳಾಗದು, ಜಾರೂ ಅರ್ಧ ಚೊಕ್ಕಟ. ಕೊನೆಗೆ ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು ಹಾಕಿ ಒಂದು ಸುತ್ತು ತಿರುಗಿಸಿದರೆ ಬ್ಲೇಡಿನ ಅಡಿಯಲ್ಲಿ ಬೆರಳು ಹೋಗದ ಜಾಗವೂ ಶುಚಿಯಾಗುತ್ತದೆ.

ಬಾಣಲೆಗೂ ಇದೇ ನ್ಯಾಯ. ಮೊದಲು ಎಣ್ಣೆಯಿಲ್ಲದೆ ಹುರಿಯುವುದು, ಆಮೇಲೆ ಪಲ್ಯ, ಆಮೇಲೆ ಮಸಾಲೆ ಹತ್ತುವಂಥದ್ದು. ಸಾರಿಗೆ, ಪಲ್ಯಕ್ಕೆ, ಕೋಸಂಬರಿಗೆ ಬೇರೆ ಬೇರೆ ಒಗ್ಗರಣೆ ಹಾಕುವ ಬದಲು ಒಂದೇ ಸೌಟಿನಲ್ಲಿ ಸ್ವಲ್ಪ ದೊಡ್ಡ ಒಗ್ಗರಣೆ ಮಾಡಿ ಹಂಚಿದರೆ ಆಯಿತು. ಒಗ್ಗರಣೆಯ ಸೌಟು ಬಿಸಿಯಿರುವಾಗಲೇ ಸಾರಿನಲ್ಲಿ ಅದ್ದಿಬಿಡಿ. ಚುಂಯ್ ಎನ್ನುವ ಆ ಸದ್ದಿನಲ್ಲೇ ಸೌಟು ಮುಕ್ಕಾಲು ತೊಳೆದಂತಾಯಿತು.

ದೋಸೆಹಿಟ್ಟಿನ ವಿಷಯವಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಹುಳಿ ಬರಿಸುವ ಸೂಕ್ಷ್ಮಜೀವಿಗಳಿಗೆ 30 ಡಿಗ್ರಿ ಆಸುಪಾಸಿನ ಬೆಚ್ಚಗಿನ ಜಾಗ ಬೇಕು. ಡಿಸೆಂಬರಿನ ಬೆಂಗಳೂರು, ಚಿಕ್ಕಮಗಳೂರಿನಲ್ಲಿ ಅಡುಗೆಕಟ್ಟೆಯ ಮೇಲೆ ಅಷ್ಟು ಬಿಸಿ ಸಿಗುವುದಿಲ್ಲ. ದೊಡ್ಡ ಕುಕ್ಕರಿನಲ್ಲಿ ಬೆಚ್ಚಗಿನ ನೀರಿಟ್ಟು, ಅದರೊಳಗೆ ಹಿಟ್ಟಿನ ಪಾತ್ರೆ ಕೂರಿಸಿ ಮುಚ್ಚಿ. ಚಳಿಗಾಲದಲ್ಲಿ ಉಪ್ಪನ್ನು ಬೆಳಿಗ್ಗೆ ಹಾಕಿ, ಬೇಸಗೆಯಲ್ಲಿ ರಾತ್ರಿಯೇ ಹಾಕಿ. ಪಾತ್ರೆ ಅರ್ಧ ಖಾಲಿಯಿರಲಿ. ಉಕ್ಕಿ ಚೆಲ್ಲಿ ಕಟ್ಟೆಯ ಮೇಲೆ ಒಣಗಿದ ಉದ್ದಿನ ಹಿಟ್ಟನ್ನು ಕೆರೆಯುವಷ್ಟು ಬೇಸರದ ಕೆಲಸ ಬೆಳಗಿನ ಹೊತ್ತಿಗೆ ಬೇರೆ ಇಲ್ಲ.

ಮುಸುರೆಯ ಮುಂದೆ

ಅಡುಗೆ ಮಾಡುವುದನ್ನು ಹೊಗಳುವವರು ಬೇಕಾದಷ್ಟು ಜನ. ಮುಸುರೆ ತಿಕ್ಕುವುದನ್ನು ಯಾರೂ ಹೊಗಳಿಲ್ಲ. ಆದರೆ ಅಲ್ಲೂ ಕೌಶಲವಿದೆ. ಯಾವ ಪಾತ್ರೆಗೆ ತಣ್ಣೀರು, ಯಾವುದಕ್ಕೆ ಬಿಸಿನೀರು ಎಂಬುದು ಅದರ ಮೊದಲ ಪಾಠ. ಹಾಲು, ಮೊಟ್ಟೆ, ಉದ್ದಿನ ಹಿಟ್ಟು ತಾಗಿದ ಪಾತ್ರೆಗೆ ತಣ್ಣೀರು. ಬಿಸಿನೀರು ಹಾಕಿದರೆ ಅದರ ಪ್ರೋಟೀನು ಬೆಂದು ಪಾತ್ರೆಗೇ ಕಚ್ಚಿಕೊಳ್ಳುತ್ತದೆ. ತುಪ್ಪ, ಬೆಣ್ಣೆ, ಎಣ್ಣೆಯ ಪಾತ್ರೆಗೆ ಬಿಸಿನೀರು. ತಣ್ಣೀರಿನಲ್ಲಿ ಜಿಡ್ಡು ಗಟ್ಟಿಯಾಗಿ ಬ್ರಷ್ಷಿಗೂ ಮೆತ್ತಿಕೊಳ್ಳುತ್ತದೆ. ಮುದ್ದೆ ತಿರುವಿದ ಪಾತ್ರೆಗೆ, ಅನ್ನದ ತಪ್ಪಲೆಗೆ ತಣ್ಣೀರು ತುಂಬಿ ಬಿಟ್ಟು, ಊಟ ಮುಗಿಸಿ ಬನ್ನಿ. ಮುದ್ದೆಯ ತಳ ಹಾಳೆಯಂತೆ ಎದ್ದು ಬಂದಿರುತ್ತದೆ. ಒಣಗಲು ಬಿಟ್ಟು ಆಮೇಲೆ ತಿಕ್ಕಿದರೆ ಅದೇ ತಳ ಕಲ್ಲು.

ಹಾಲಿನ ಪಾತ್ರೆಗೆ ಹಾಲು ಸುರಿಯುವ ಮುನ್ನ ಒಂದಿಷ್ಟು ನೀರು ಹಾಕಿ ತಿರುಗಿಸಿ ಚೆಲ್ಲಿ, ಒದ್ದೆ ಪಾತ್ರೆಗೇ ಹಾಲು ಸುರಿದರೆ ತಳ ಹಿಡಿಯುವುದು ಕಡಿಮೆ. ಇಷ್ಟರ ಮೇಲೂ ಸೀದುಹೋಯಿತು ಅನ್ನಿ. ಹೋದ ಯುಗಾದಿಗೆ ನಮ್ಮ ಮನೆಯಲ್ಲಿ ಎರಡು ಲೀಟರ್ ಹಾಲಿನ ಶ್ಯಾವಿಗೆ ಪಾಯಸ, ಬಾಗಿಲಿಗೆ ಬಂದ ನೆಂಟರ ಜೊತೆ ಮಾತಾಡುತ್ತಾ ನಿಂತ ಹತ್ತು ನಿಮಿಷದಲ್ಲಿ ತಳ ಹಿಡಿಯಿತು. ಮೇಲಿನ ಪಾಯಸವನ್ನು ಅಲುಗಾಡಿಸದೆ ಬೇರೆ ಪಾತ್ರೆಗೆ ಬಗ್ಗಿಸಿಕೊಂಡೆವು, ಅದಕ್ಕೆ ಸೀದ ವಾಸನೆ ಹತ್ತಲಿಲ್ಲ. ತಳದಲ್ಲಿ ಕಪ್ಪು ಬಿಲ್ಲೆ. ಉಗುರು, ಚಮಚ, ಸ್ಟೀಲ್ ನಾರು ಯಾವುದನ್ನೂ ಅದಕ್ಕೆ ತಾಗಿಸಲಿಲ್ಲ. ಎರಡು ಲೋಟ ನೀರು, ಎರಡು ಚಮಚ ಅಡುಗೆ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿದೆ. ನೀರು ಕಾಫಿ ಬಣ್ಣಕ್ಕೆ ತಿರುಗಿತು, ಬಿಲ್ಲೆಯ ಅಂಚು ಎದ್ದಿತು. ಹಾಗೇ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮರದ ಸಟ್ಟುಗದಿಂದ ಒಮ್ಮೆ ತಳ್ಳಿದ್ದೇ ತಡ, ಪೂರ್ತಿ ಬಿಲ್ಲೆ ಒಂದೇ ತುಂಡಾಗಿ ಕಳಚಿತು. ಇದು ಸ್ಟೀಲ್ ಪಾತ್ರೆಯ ಮಾತು. ಅಲ್ಯೂಮಿನಿಯಂಗೆ ಸೋಡಾ ತಾಗಿಸಬೇಡಿ, ಮೈ ಕಪ್ಪಾಗುತ್ತದೆ. ಅದಕ್ಕೆ ನಿಂಬೆ ಇಲ್ಲವೇ ಹುಣಸೆ ನೀರು ಕುದಿಸಿ.

ಹಿತ್ತಾಳೆ ದೀಪ, ತಾಮ್ರದ ಚೆಂಬಿಗೆ ಹುಣಸೆಹಣ್ಣು, ಉಪ್ಪು ಎಂಬುದು ಎಲ್ಲರಿಗೂ ಗೊತ್ತು. ಸಾರಿಗೆ ಹಿಂಡಿ ಉಳಿದ ಹುಣಸೆ ಚರಟವೇ ಸಾಕು ಎಂಬುದನ್ನು ಕೆಲವರು ಮರೆಯುತ್ತಾರೆ. ಹುಣಸೆಯ ಆಮ್ಲ ಲೋಹದ ಮೇಲಿನ ಕಿಲುಬನ್ನು ಕರಗಿಸುತ್ತದೆ. ತೊಳೆದ ಮೇಲೆ ಒಣಬಟ್ಟೆಯಲ್ಲಿ ಒರೆಸದಿದ್ದರೆ ಸಂಜೆಗೆ ಮತ್ತೆ ಕಲೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಾತ್ರ ಹುಳಿ ಪದಾರ್ಥ ಮಾಡಬೇಡಿ, ಇಡಲೂ ಬೇಡಿ. ಅಂದದ ಪಾತ್ರೆ ಎಂದು ಈಗ ಮತ್ತೆ ಹಿತ್ತಾಳೆ ಕೊಳ್ಳುವವರು ಹೆಚ್ಚಾಗಿದ್ದಾರೆ, ಕಲಾಯಿ ಹಾಕುವವರು ಕಡಿಮೆಯಾಗಿದ್ದಾರೆ.

ಕಬ್ಬಿಣದ ದೋಸೆಕಾವಲಿಯನ್ನು ನೆನೆಸಿಡಬಾರದು. ನಾನು ಇಷ್ಟು ಹೊತ್ತು ಹೇಳಿದ ನೆನೆಸುವ ಮಾತಿಗೆ ಇದೊಂದು ಹೊರತು. ಎಣ್ಣೆ ಕಾದು ಕಾದು ಕಾವಲಿಯ ಮೇಲೆ ಕಟ್ಟಿದ ಕರಿಯ ಪದರವೇ ದೋಸೆ ಏಳಲು ಕಾರಣ. ನೀರಲ್ಲಿಟ್ಟರೆ ತುಕ್ಕು, ಸೋಪು ಹಾಕಿ ಉಜ್ಜಿದರೆ ಆ ಪದರಕ್ಕೆ ಪೆಟ್ಟು. ಬಿಸಿಯಿರುವಾಗಲೇ ಒದ್ದೆಬಟ್ಟೆಯಲ್ಲಿ ಒರೆಸಿ, ಒಲೆಯ ಮೇಲೆ ಒಣಗಿಸಿ, ಎರಡು ಹನಿ ಎಣ್ಣೆ ಸವರಿ ಎತ್ತಿಡಿ.

ತಿಕ್ಕುವ ಸಾಧನವಾಗಿ ನಾನು ಮತ್ತೆ ತೆಂಗಿನ ನಾರಿಗೆ, ಒಣಗಿದ ಹೀರೆಕಾಯಿಯ ಜಾಲಕ್ಕೆ ಬಂದಿದ್ದೇನೆ. ಬೇಗ ಒಣಗುತ್ತವೆ, ವಾಸನೆ ಹಿಡಿಯುವುದಿಲ್ಲ, ಸವೆದ ಮೇಲೆ ಗಿಡದ ಬುಡಕ್ಕೆ ಹೋಗುತ್ತವೆ. ಸದಾ ಒದ್ದೆಯಾಗಿ ಸಿಂಕಿನಲ್ಲಿ ಬಿದ್ದಿರುವ ಸ್ಪಂಜು ಪಾತ್ರೆಗಿಂತ ಗಲೀಜು. ಜಿಡ್ಡಿಗೆ ಸೀಗೆಪುಡಿ, ಅಂಟುವಾಳದ ನೀರೂ ನಡೆಯುತ್ತದೆ. ಅವುಗಳಲ್ಲಿ ನೊರೆ ಬರಿಸುವ ಸಪೋನಿನ್ ಇದೆ.

ನಂಬಬಾರದ ಉಪಾಯಗಳು

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಸಿಂಕಿಗೆ ಸುರಿದರೆ ಕಟ್ಟಿಕೊಂಡ ಪೈಪು ತೆರೆಯುತ್ತದೆ ಎಂದು ಎಲ್ಲೆಡೆ ಹೇಳುತ್ತಾರೆ. ಬುಸ್ಸೆಂದು ನೊರೆ ಬರುವುದರಿಂದ ಕೆಲಸವಾದಂತೆ ಅನ್ನಿಸುತ್ತದೆ. ಆದರೆ ಕ್ಷಾರವೂ ಆಮ್ಲವೂ ಒಂದನ್ನೊಂದು ಕೊಂದು ಉಪ್ಪುನೀರಿನಂಥದ್ದು ಉಳಿಯುತ್ತದೆ. ಜಿಡ್ಡಿಗೆ ಏನೂ ಆಗುವುದಿಲ್ಲ. ಬೇರೆಬೇರೆಯಾಗಿ ಎರಡೂ ಒಳ್ಳೆಯವೇ: ಜಿಡ್ಡಿಗೆ ಸೋಡಾ, ಗಡಸು ನೀರಿನ ಬಿಳಿ ಕಲೆಗೆ ವಿನೆಗರ್ ಇಲ್ಲವೇ ನಿಂಬೆ.

ಬೆರೆಸುವ ವಿಷಯದಲ್ಲಿ ಒಂದು ಗಂಭೀರ ಎಚ್ಚರಿಕೆ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರವವನ್ನು ಬಚ್ಚಲು ತೊಳೆಯುವ ಆಸಿಡ್ ಜೊತೆ ಎಂದೂ ಸೇರಿಸಬಾರದು. ಕ್ಲೋರಿನ್ ಅನಿಲ ಹೊರಡುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳಿ.

ಸಾರಿಗೆ ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿದರೆ ಹೀರಿಕೊಳ್ಳುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಆಲೂಗಡ್ಡೆ ಉಪ್ಪುನೀರು ಹೀರುತ್ತದೆ, ಉಪ್ಪನ್ನಷ್ಟೇ ಆರಿಸಿಕೊಳ್ಳುವುದಿಲ್ಲ. ಬೆಂದ ಬೇಳೆಯೋ ನೀರೋ ಕಾಯಿಹಾಲೋ ಸೇರಿಸಿ ಪ್ರಮಾಣ ಹೆಚ್ಚಿಸುವುದೇ ಸರಿ.

ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ತಣ್ಣಗಾಗಿ ಅನ್ನದಗುಳು, ಸೋಪಿನ ಕೊಳೆಯ ಜೊತೆ ಗಟ್ಟಿಯಾಗುತ್ತದೆ. ಅದನ್ನೇ ಮತ್ತೆ ಮತ್ತೆ ಕಾಯಿಸಿ ಬಳಸುವುದೂ ಬೇಡ. ಎಣ್ಣೆಯಲ್ಲಿ ಕೆಟ್ಟ ಅಂಶ ಶೇ 25ನ್ನು ದಾಟಿದರೆ ಅದನ್ನು ಅಡುಗೆಗೆ ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದಲೇ ನಿಯಮ ಮಾಡಿದೆ. ಮನೆಯಲ್ಲಿ ಅಳೆಯುವ ಯಂತ್ರವಿಲ್ಲ, ಕಣ್ಣು ಮೂಗು ಇವೆ. ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ಬೇಗ ಹೊಗೆಯಾಡಿದರೆ ಅದರ ಕೆಲಸ ಮುಗಿಯಿತು. ಕರಿಯಲು ಚಿಕ್ಕ, ಆಳವಾದ ಬಾಣಲೆ ಬಳಸಿ. ಉಳಿಯುವ ಎಣ್ಣೆಯೇ ಕಡಿಮೆಯಾಗುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಉಳಿಯುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಸೋಡಾ, ನಿಂಬೆ, ಹುಣಸೆಗಳಿಂದ ಆ 299ರಲ್ಲಿ ಹತ್ತಿಪ್ಪತ್ತು ನಿಮಿಷ ಉಳಿಯಬಹುದು. ಅದಕ್ಕಿಂತ ಹೆಚ್ಚು ಉಳಿಯಬೇಕಾದರೆ ಮನೆಯ ಉಳಿದವರು ಏಳಬೇಕು. ಹಬ್ಬದ ದಿನ ಹದಿನೈದು ಜನ ಉಂಡು ಎದ್ದ ಮೇಲೆ ಸಾರು, ಪಾಯಸ ಒಣಗಿ ಅಂಟಿದ ಹದಿನೈದು ತಟ್ಟೆಗಳ ಮುಂದೆ ಒಬ್ಬಳೇ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಉಂಡ ಕೈ ಒಣಗಿಸಬಾರದು ಎಂದು ನಮ್ಮಜ್ಜಿ ಮಕ್ಕಳನ್ನು ಎಬ್ಬಿಸುತ್ತಿದ್ದರು. ಉಂಡ ತಟ್ಟೆಗೂ ಅದೇ ಮಾತು ಸಲ್ಲಬೇಕು.

ಭಾನುವಾರ ಮನೆಯಲ್ಲಿ ಎಲ್ಲರೂ ಇರುತ್ತೀರಿ. ಊಟವಾದ ಕೂಡಲೇ ನಿಮ್ಮ ತಟ್ಟೆಯನ್ನು ನೀವೇ ಎತ್ತಿಕೊಂಡು ಹೋಗಿ ನೀರು ಹಾಕಿಡಿ. ಮಲಗುವ ಮುಂಚೆ ಅಡುಗೆಮನೆಗೆ ಹೋಗಿ ನಾಳೆಗೆ ಏನು ನೆನೆಹಾಕಬೇಕು ಎಂದು ಕೇಳಿ, ಕೇಳಿ ನೀವೇ ನೆನೆಹಾಕಿ.